ಆ ಕಡತ ಇದ್ದರೆ ಮಾತ್ರ

ಸೋಮವಾರ ಬೆಳಿಗ್ಗೆ 10.20ಕ್ಕೆ ಚಿಕ್ಕಮಗಳೂರಿನ ಠಾಣೆಗೆ ಬಂದ ದೂರು ಒಂದೂವರೆ ಪುಟದ್ದು. ಕೊಟ್ಟವರು ಕಾಫಿ ಬೀಜ ಸಂಸ್ಕರಿಸುವ ಹೊನ್ನಮಲೆ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರ್ ರಾಜೀವ್. ಬೆಳಿಗ್ಗೆ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು, ಮತ್ತೆ ಶುರುವಾದ ಸರ್ವರ್ ಯಾರನ್ನೂ ಒಳಗೆ ಬಿಡುತ್ತಿಲ್ಲ. ಕಚೇರಿಯ ಕಡತಗಳೆಲ್ಲ ಅದರಲ್ಲೇ ಇವೆ. ಸರಿಯಾದ ಪಾಸ್‌ವರ್ಡ್ ಹಾಕಿದರೂ ಅಷ್ಟೇ. ಯಾರೋ ಹ್ಯಾಕ್ ಮಾಡಿದ್ದಾರೆ.

ಇನ್‌ಸ್ಪೆಕ್ಟರ್ ಮಲ್ಲಿಕಾರ್ಜುನಪ್ಪನವರಿಗೆ ಕಂಪ್ಯೂಟರ್ ಎಂದರೇ ತಲೆನೋವು. ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರೇ ತನಿಖೆ ಮಾಡಬೇಕಂತೆ, ಏನು ಮಾಡುವುದು, ಹಣೆಬರಹ! ಎಫ್‌ಐಆರ್ ದಾಖಲಿಸಿ, ಸೈಬರ್ ತರಬೇತಿ ಪಡೆದಿದ್ದ ಹೆಡ್ ಕಾನ್‌ಸ್ಟೆಬಲ್ ಯಶೋದಾಳನ್ನು ಜೀಪು ಹತ್ತಿಸಿಕೊಂಡು ಹೊರಟರು.

11.45. ಸರ್ವರ್ ಕೋಣೆಯಲ್ಲಿ ಕಂಪ್ಯೂಟರ್ ವಿಭಾಗದ ಸನಾ ನಿಂತಿದ್ದಳು.

"ಮೂಲ ಪಾಸ್‌ವರ್ಡ್ ಯಾರ ಹತ್ರ ಇದೆ?" ಇನ್‌ಸ್ಪೆಕ್ಟರ್ ಕೇಳಿದರು.

"ನನ್ನ ಹತ್ರ ಸಾರ್. ಈ ಯಂತ್ರದ ಮುಂದೆಯೇ ಕೂತು ಹಾಕಿದ್ರೆ ಇದೊಂದು ಈಗ್ಲೂ ನಡೆಯುತ್ತೆ," ಎಂದವಳೇ ಚೀಟಿಯಲ್ಲಿ ಬರೆದುಕೊಟ್ಟಳು.

ತೂಕದ ಗುಮಾಸ್ತ, ಒಬ್ಬ ಮೇಸ್ತ್ರಿ, ಇಬ್ಬರೂ ಪಂಚ ಸಾಕ್ಷಿಗಳಾಗಿ ಕುಳಿತರು. ಅರ್ಧ ಗಂಟೆ ಕೀಲಿಮಣೆ ಕುಟ್ಟಿದ ಯಶೋದಾ ತಲೆ ಎತ್ತಿದಳು.

"ಹೊರಗಿನವ್ರು ಯಾರೂ ಬಂದಿಲ್ಲ ಸಾರ್. ಪಾಸ್‌ವರ್ಡ್ ಪರೀಕ್ಷೆ ಮಾಡಿ ಜನಾನ ಒಳಗೆ ಬಿಡೋ ಸೇವೆ ಒಂದಿದೆ. ಅದಕ್ಕೊಂದು ಷರತ್ತು ಬರ್ದಿದ್ದಾರೆ. ಇಂಥ ಕಡತ ಇದ್ರೆ ಮಾತ್ರ ಶುರುವಾಗು, ಇಲ್ದಿದ್ರೆ ಸುಮ್ನಿರು ಅಂತ."

"ಆ ಕಡತ ಎಲ್ಲಿ?"

"ಅಳಿಸಿದ್ದಾರೆ. ಶನಿವಾರ ಸಂಜೆ 4.10ಕ್ಕೆ. ಮ್ಯಾನೇಜರ್ ಸಾಹೇಬ್ರ ಲಾಗಿನ್ನಿಂದ."

ರಾಜೀವ್ ಬೆವರಿದರು. "ಹಳೇ ಕಸ ಸಾರ್, ತೆಗ್ದೆ. ಶನಿವಾರ ಎಲ್ಲಾ ಸರಿ ಇತ್ತಲ್ಲ?"

"ಷರತ್ತು ನೋಡೋದು ಶುರುವಾಗೋವಾಗ ಮಾತ್ರ," ಎಂದಳು ಯಶೋದಾ. "ಶುರುವಾಗಿದ್ದು ಇವತ್ತು."

"ಷರತ್ತು ಬರ್ದಿದ್ದು ಯಾರಮ್ಮ?" ಇನ್‌ಸ್ಪೆಕ್ಟರ್ ಸನಾಳತ್ತ ತಿರುಗಿದರು.

"ನಾನೇ," ಎಂದಳು ಸನಾ.

"ಎಂಥದು ಮಾರಾಯ್ತಿ ನಿಂದು!" ರಾಜೀವ್ ಕೂಗಿದರು. ಸನಾ ಅವರತ್ತ ತಿರುಗಿಯೂ ನೋಡಲಿಲ್ಲ.

"ಆ ಕಡತ ನಾಲ್ಕನೇ ಗೋಡೌನಿನ ಗ್ಯಾಸ್ ದಾಖಲೆ ಸಾರ್. ಹುಳ ಸಾಯ್ಲಿ ಅಂತ ವಿಷದ ಗ್ಯಾಸ್ ಹಾಕಿದ್ಮೇಲೆ ಏಳು ದಿನ ಬಾಗಿಲು ತೆಗೀಬಾರ್ದು. ಇವ್ರು ಮೂರನೇ ದಿನ ತೆಗೆಸಿ ರಾಮಮ್ಮನ್ನ ಗುಡಿಸೋಕೆ ಕಳಿಸಿದ್ರು. ಆಯಮ್ಮ ಆಸ್ಪತ್ರೇಲಿ ಆಕ್ಸಿಜನ್ ಮೇಲಿದ್ದಾರೆ. ಇಲ್ಲಿ ನೋಟಿಸ್ ಬೋರ್ಡಲ್ಲಿ, ಬೀಗ ಒಡೆದು ಕದಿಯೋಕೆ ಹೋಗಿದ್ಲು ಅಂತ ಹಾಕಿದ್ದಾರೆ. ಇಪ್ಪತ್ತೆರಡು ವರ್ಷ ದುಡಿದ ಹೆಂಗಸು ಸಾರ್, ಕಳ್ಳಿ ಅಂತೆ! ತೆಗೀರಿ ಅಂತ ಇವ್ರು ಕೊಟ್ಟ ಆರ್ಡರ್ ಆ ಕಡತದಲ್ಲೇ ಇತ್ತು."

"ಠಾಣೆಗೆ ಬಂದು ಹೇಳ್ಬಹುದಿತ್ತು."

"ಎರಡು ಸಲ ಬಂದಿದ್ದೆ, ಪ್ರಿಂಟ್ ಹಿಡ್ಕೊಂಡು. ಕಂಪನಿ ಒಳಗಿನ ವಿಷಯ, ಮ್ಯಾನೇಜರ್ ಹತ್ರ ಹೇಳಿ ಅಂತ ನಿಮ್ಮವ್ರೇ ವಾಪಸ್ ಕಳಿಸಿದ್ರು. ನಾನು ಕರೆದ್ರೆ ನೀವು ಬರಲ್ಲ, ಇವ್ರು ಕರೆದ್ರೆ ಬರ್ತೀರಿ. ಅಳಿಸಿದ್ರೆ ಇವ್ರೇ ನಿಮ್ಮನ್ನ ಕರೀಲಿ ಅಂತ ಬರ್ದೆ. ಅರೆಸ್ಟ್ ಮಾಡಿ. ಕ್ಷಮೆ ಮಾತ್ರ ಕೇಳಲ್ಲ."

ಇನ್‌ಸ್ಪೆಕ್ಟರಿಗೆ ಮುಖಕ್ಕೆ ಹೊಡೆದಂತಾಯಿತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆಂದು ಮಾತ್ರ ಹೇಳಿಕೊಳ್ಳುವಂತಿರಲಿಲ್ಲ.

ಬ್ಯಾಕಪ್ ಡಿಸ್ಕಿನಲ್ಲಿ ಶುಕ್ರವಾರದ ಪ್ರತಿ ಸಿಕ್ಕಿತು. ಆರ್ಡರ್ ಇತ್ತು, ರಾಜೀವ್ ಹೆಸರಿತ್ತು, ದಿನಾಂಕವೂ ಇತ್ತು. ಪಂಚನಾಮೆ ಬರೆದು ಡಿಸ್ಕಿಗೆ ಸೀಲು ಹಾಕಿದರು. ಸಂಜೆ 4.30ಕ್ಕೆ, ಯಶೋದಾಳ ಸಮ್ಮುಖದಲ್ಲಿ, ಸನಾಳ ಬಂಧನವಾಯಿತು. ಕಾನೂನು ಕಾನೂನೇ, ಜಾಮೀನು ಸಿಗುವ ಕೇಸು. ತಲೆ ಎತ್ತಿಕೊಂಡೇ ಅವಳು ಜೀಪು ಹತ್ತಿದಳು.

ರಾಜೀವ್ ಮೆಲ್ಲಗೆ ತಮ್ಮ ಕಾರಿನತ್ತ ನಡೆದರು.

"ಎಲ್ಲಿಗೆ ಸಾಹೇಬ್ರೆ? ನೀವೂ ಹತ್ತಿ," ಎಂದರು ಇನ್‌ಸ್ಪೆಕ್ಟರ್. "ಇನ್ನೊಂದು ಎಫ್‌ಐಆರ್ ಬರೀಬೇಕು."

ಠಾಣೆಯಲ್ಲಿ ಕೇಸ್ ಡೈರಿ ತೆರೆದು, ಕೃತ್ಯಕ್ಕೆ ಕಾರಣ ಏನೆಂಬಲ್ಲಿ ಅವರು ತಮ್ಮ ಕೈಯಾರೆ ಬರೆದರು: "ಆರೋಪಿಯು ಇದಕ್ಕೆ ಮೊದಲು ಎರಡು ಬಾರಿ ದೂರು ಕೊಡಲು ಬಂದಿದ್ದಳು. ಈ ಠಾಣೆ ಸ್ವೀಕರಿಸಲಿಲ್ಲ." ಕೆಳಗೆ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿದರು.