ಅಂಜೂರದ ಮೇಲಿನ ಬಾದಾಮಿ

"ಉಸಿರು... ಉಸಿರಾಡಾಕ ಆಗವಲ್ದು..."

ಮಂದಾಕಿನಿಯ ತುಟಿ ಊದಿಕೊಂಡಿತು. ಕೈಯಲ್ಲಿದ್ದ ಬಟ್ಟಲು ಜಾರಿ ಬಿತ್ತು!

ತೆಲುಗು ನಾಡಿನ ಕೊಂಡಾಪುರದ ಆಫೀಸಿನಲ್ಲಿ ಪ್ರಾಜೆಕ್ಟ್ ಮುಗಿದ ಖುಷಿಗೆ ಎಲ್ಲರೂ ಮನೆಯಿಂದ ತಿಂಡಿ ತಂದಿದ್ದರು. ಮೈಸೂರಿನ ಗೋಪಿನಾಥ ತಂದದ್ದು ಓವನ್‌ನಲ್ಲಿ ಸುಟ್ಟ ಅಂಜೂರ. ಮೇಲೆ ಗರಿಗರಿ ಬಾದಾಮಿ. ಬಾದಾಮಿ ಸಾಲದೆ ಒಂದಿಷ್ಟು ಶೇಂಗಾ ಬೆರೆಸಿದ್ದ. ಶೇಂಗಾ ಈ ಕೊಪ್ಪಳದ ಹುಡುಗಿಯ ಮೈಗೆ ವಿಷವೆಂದು ಅವನಿಗೇನು ಗೊತ್ತು? ಇಬ್ಬರೂ ಅದುವರೆಗೆ ಮಾತೇ ಆಡಿರಲಿಲ್ಲ.

"ಏನೂ ಆಗಲ್ಲ ಕಣ್ರೀ... ಕಣ್ಣು ಮುಚ್ಚಬೇಡಿ!"

ಗೋಪಿನಾಥ ಅವಳನ್ನು ಎತ್ತಿಕೊಂಡೇ ಮೆಟ್ಟಿಲಿಳಿದ. "ಭಯ್ಯಾ, ಜಲ್ದಿ ಚಲೋ!" ಎಂದು ಆಟೋದವನಿಗೆ ಕೂಗಿದ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆಗಿ ಉಸಿರು ಸರಾಗವಾದಾಗ ಅವಳಿಗೆ ಮೊದಲು ಕಂಡದ್ದು ಬಾಗಿಲಲ್ಲಿ ನಿಂತ ಅವನ ಒದ್ದೆ ಕಣ್ಣುಗಳು. 'ಗುರುತೂ ಇಲ್ಲದವಳಿಗಾಗಿ ಇಷ್ಟು ನೊಂದನಲ್ಲ... ಎಂಥ ಮನುಷ್ಯ!'

ಆದರೆ ಆಮೇಲೆ ಅವನು ಅವಳತ್ತ ತಿರುಗಿಯೂ ನೋಡಲಿಲ್ಲ. ಸೀಟು ಬದಲಿಸಿದ. ಲಿಫ್ಟಿನಲ್ಲಿ ಅವಳಿದ್ದರೆ ಮೆಟ್ಟಿಲು ಹತ್ತಿದ.

'ರಗಳೆಯ ಹುಡುಗಿ ಅಂದುಕೊಂಡಿರಬೇಕು...' ಮಂದಾಕಿನಿ ಒಳಗೇ ಕುಗ್ಗಿದಳು.

ಒಂದು ದಿನ ಗೆಳತಿ ಹರ್ಷಿತಾ ಹೇಳಿದಳು: "ಗೋಪಿನಾಥ ಬೇಗಂಪೇಟೆ ಆಫೀಸಿಗೆ ಟ್ರಾನ್ಸ್‌ಫರ್ ಕೇಳ್ಯಾನಂತ. ಅಡಿಗಿ ಮಾಡೂದೂ ಬಿಟ್ಟಾನಂತ."

ಭಾನುವಾರ ಬೆಳಿಗ್ಗೆ ಮಂದಾಕಿನಿ ಅಂಜೂರ, ಬಾದಾಮಿ ಹಿಡಿದು ಅವನ ಮನೆಯ ಬೆಲ್ ಒತ್ತಿದಳು.

"ನನ್ನ ಕಂಡ್ರ ಯಾಕ ಓಡ್ತೀರಿ? ಅಷ್ಟು ಬ್ಯಾಡಾದ್ನೇನು?"

"ಬೇಡವಾ?!" ಗೋಪಿನಾಥ ಒಂದು ಹೆಜ್ಜೆ ಹಿಂದೆ ಸರಿದ. "ನನ್ನ ಕೈಯಿಂದ ನಿಮ್ಮ ಜೀವ ಹೋಗ್ತಿತ್ತು. ಯಾವ ಮುಖ ಹೊತ್ತು ನಿಮ್ಮೆದುರು ನಿಲ್ಲಲಿ?"

"ಉಳಿಸಿದ ಕೈನೂ ಅದ ಅಲ್ರೀ! ಶೇಂಗಾ ಐತೇನು ಅಂತ ನಾನೂ ಕೇಳ್ಲಿಲ್ಲ. ಬಾದಾಮಿ ನನಗೇನೂ ಮಾಡಂಗಿಲ್ಲ. ಬರ್ರಿ, ಕಲಿಸ್ರಿ."

ಅವನು ಅಂಜೂರದ ತಲೆ ಸೀಳಿ ಹೂವಿನಂತೆ ಬಿಡಿಸಿದ. ಅವಳು ಬಾದಾಮಿ ಜಜ್ಜಿ, ಬೆಲ್ಲ, ತುಪ್ಪ, ಚೂರು ಗೋಧಿಹಿಟ್ಟು ಕಲಸಿದಳು. ಪ್ರತಿ ಹಣ್ಣಿಗೂ ಅದನ್ನು ತುಂಬುವಾಗ ಅವನ ಬೆರಳುಗಳ ಆ ತಾಳ್ಮೆ... ಅವಳು ಕಣ್ಣು ಕೀಳಲಿಲ್ಲ. ಓವನ್‌ನಲ್ಲಿ ಹಣ್ಣಿನ ರಸ ಕುದಿದು ಅಂಚಿಗೆ ಬಂತು, ಬಾದಾಮಿ ಕೆಂಪಾಯಿತು, ಮನೆಯೆಲ್ಲ ಘಮಘಮ!

ಅವಳು ಮೊದಲ ತುತ್ತು ಕಚ್ಚಿದಾಗ ಅವನ ಮುಖ ಬಿಳಚಿತ್ತು.

"ಹೆದರಬ್ಯಾಡ್ರೀ... ಭಾಳ ಚಲೋ ಆಗೇತಿ!"

"ಮಂದಾಕಿನಿ, ನಾನು ಬೇಗಂಪೇಟೆಗೆ ಹೋಗಲ್ಲ. ದೂರ ಓಡಿದಷ್ಟೂ ನೀವೇ ನೆನಪಾಗ್ತಿದ್ರಿ. ನಿಮ್ಮನ್ನ ಬಿಟ್ಟಿರೋಕೆ ನನ್ನಿಂದಾಗಲ್ಲ..."

ಅವಳ ಕೆನ್ನೆ ರಂಗೇರಿತು.

"ಹಂಗಾದ್ರ ಅಪ್ಪಗ ಫೋನ್ ಮಾಡ್ತೀನಿ. ಹುಡುಗಗ ಅಡಿಗಿ ಬರತೈತಿ ಅಂತ ಹೇಳ್ಲೇನು?"

"ಹುಡುಗಿ ಅಂದ್ರೆ ಅವನಿಗೆ ಪ್ರಾಣ... ಅದನ್ನೂ ಹೇಳಿ."