ಆ ಒಲೆಯ ಫೋಟೋ ಯಾರದ್ದು?

ಬಾಗಿಲು ತಳ್ಳಿದೆ. ಅಲುಗಲಿಲ್ಲ!

ಭುಜ ಕೊಟ್ಟು ಗುದ್ದಿದೆ. ಊಹೂಂ...

ನಮ್ಮ ಹ್ಯಾನ್‌ಕಾಕ್‌ನಲ್ಲಿ ಸೌನಾ ಎಂಬ ಬಿಸಿ ಕೋಣೆಯ ಬಾಗಿಲಿಗೆ ಯಾರೂ ಚಿಲಕ ಇಡುವುದಿಲ್ಲ. ಬೆವರಲು ಕೂತವನಿಗೆ ತಲೆ ಸುತ್ತಿದರೆ ಒಂದೇ ಸಲ ತಳ್ಳಿ ಹೊರಗೆ ಬೀಳಬೇಕು. ಫಿನ್‌ಲ್ಯಾಂಡಿನಿಂದ ಬಂದ ಅಜ್ಜಂದಿರು ಮಾಡಿಟ್ಟ ಕಟ್ಟಳೆ ಅದು. ಈ ಬಾಗಿಲಿಗೆ ಮಾತ್ರ ಯಾರೋ ಹೊರಗಿನಿಂದ ಸಲಿಕೆ ಆನಿಸಿಟ್ಟಿದ್ದರು.

ಒಳಗೆ ನಾನು... ಕೋಟು, ಬೂಟು ಸಮೇತ. ಮೂಲೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಒಲೆ. ತಗಡು ಬಿರುಕು ಬಿಟ್ಟಿತ್ತು. ಆ ಬಿರುಕಿನಿಂದ ಬೆಂಕಿ ಹೊರಬಂದು ಗೋಡೆಯ ಹಲಗೆಗೆ ತಾಗುತ್ತಿತ್ತು!

"ಏಯ್ ರಸ್!" ಕಿಟಕಿಯ ಹೊರಗಿನಿಂದ ದನಿ. ಬಾಯಿಗೆ ಮಫ್ಲರ್ ಸುತ್ತಿಕೊಂಡಿದ್ದ. "ಒಲೆ ಬೇಕು ಅಂತ ಆರ್ಡರ್ ಮಾಡಿದ್ಯಲ್ಲ? ಕಣ್ತುಂಬ ನೋಡ್ಕೋ!"

"ಬಾಗಿಲು ತೆಗಿಯೋ!"

"ಐಲಿಗೆ ಹೇಳು, ಅಂಗಡಿ ಮುಚ್ಕೊಂಡು ಹೋಗು ಅಂತ. ನೀನು ಬದುಕಿದ್ರೆ ಹೇಳು!"

ಟ್ರಕ್ ಹೊರಟ ಸದ್ದು.

ಕೂರುವ ಹಲಗೆಯನ್ನು ಒದ್ದು ಕಿತ್ತೆ. ಅದರಿಂದಲೇ ಕಿಟಕಿ ಒಡೆದೆ. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ಸಿಕ್ಕಿಕೊಂಡಿತು! ಐವತ್ತೆರಡು ವರ್ಷ ಸಾಕಿದ ಹೊಟ್ಟೆ ಸ್ವಾಮಿ. ಉಸಿರು ಬಿಟ್ಟು, ಬೈದು, ಒದೆದು... ಕೊನೆಗೆ ಹಿಮದ ಮೇಲೆ ಬೋರಲು ಬಿದ್ದೆ. ಹಿಂದೆ ಸೌನಾ ಧಗಧಗ ಉರಿಯಿತು.

ನಾನು ರಸ್ ಟ್ರೆಗೋನಿಂಗ್. ಇಪ್ಪತ್ತೆರಡು ವರ್ಷ ಇನ್ಶೂರೆನ್ಸ್ ಕಂಪನಿಗೆ ಬೆಂಕಿ ಕೇಸುಗಳ ಪತ್ತೇದಾರ. ಈಗ ಸ್ವಂತ ದುಡಿಮೆ. ಐಲಿಗಾಗಿ ಸುಳ್ಳು ಹೆಸರಿನಲ್ಲಿ ಒಂದು ವೆಬ್‌ಸೈಟಿಗೆ ಒಲೆ ಆರ್ಡರ್ ಕೊಟ್ಟಿದ್ದೆ. 'ಕೆರೆ ಪಕ್ಕದ ಕ್ಯಾಂಪಿಗೆ ಬನ್ನಿ, ಉರಿಸಿ ತೋರಿಸುತ್ತೇವೆ' ಅಂತ ಉತ್ತರ ಬಂದಿತ್ತು. ಬಂದೆ. ಒಲೆ ನೋಡಲು ಒಳಗೆ ಕಾಲಿಟ್ಟೊಡನೆ ಬಾಗಿಲು ಮುಚ್ಚಿತು. ಅವನು ನನ್ನನ್ನು ನೋಡಿದವನೇ ನಿಜವಾದ ಹೆಸರು ಹಿಡಿದು ಕರೆದ.

ಅಂದರೆ ಊರಿನವನೇ.

ಸೀದಾ ಐಲಿ ರೌಟಿಯೋ ಅಂಗಡಿಗೆ ಹೋದೆ. ಐಲಿಗೆ ಅರವತ್ತೆಂಟು. ಕೈಯಿಂದಲೇ ಸೌನಾ ಒಲೆ ಮಾಡುತ್ತಾಳೆ. ಅಜ್ಜ ಮಾಡುತ್ತಿದ್ದ, ಅಪ್ಪ ಮಾಡುತ್ತಿದ್ದ, ಈಗ ಇವಳು. ಮೂರು ತಲೆಮಾರಿನಲ್ಲಿ ಇವರ ಒಂದು ಒಲೆಯೂ ಬಿರುಕು ಬಿಟ್ಟಿಲ್ಲ.

"ಇದೇನೋ ಇದು, ಹುಬ್ಬೆಲ್ಲ ಸುಟ್ಕೊಂಡಿದ್ದೀಯ?" ಅಂದಳು.

"ನಿಮ್ಮ ಹೆಸರಿನ ಒಲೆ ನೋಡೋಕೆ ಹೋಗಿದ್ದೆ ಅಕ್ಕ."

ಅವಳ ಮುಖ ಸಣ್ಣದಾಯಿತು. ವಿಷಯ ಇಷ್ಟು. ಅವಳ ವೆಬ್‌ಸೈಟಿನ ಫೋಟೋಗಳನ್ನೂ ಬರಹವನ್ನೂ ಎತ್ತಿಕೊಂಡು ಯಾರೋ ಇನ್ನೊಂದು ಸೈಟ್ ತೆರೆದಿದ್ದರು. ಫೋಟೋದಲ್ಲಿ ಐಲಿಯ ಕೈ, ಐಲಿಯ ಒಲೆ. ಮನೆಗೆ ಬರುತ್ತಿದ್ದುದು ಹಪ್ಪಳದಂಥ ತಗಡಿನ ಡಬ್ಬ! ಬರಹವೋ... 'ನನ್ನ ಅಜ್ಜ ಒಂದೇ ಒಂದು ಸುತ್ತಿಗೆ ಹೊತ್ತು ಫಿನ್‌ಲ್ಯಾಂಡಿನಿಂದ ಬಂದ.' ಒಂದಕ್ಷರ ಬಿಡದೆ ಇಳಿಸಿದ್ದ. ಒಲೆ ಕದ್ದವರನ್ನು ನೋಡಿದ್ದೇನೆ. ಅಜ್ಜನನ್ನೇ ಕದ್ದವನನ್ನು ನೋಡಿದ್ದು ಇದೇ ಮೊದಲು!

ಸ್ಕೂಲ್ ಬಸ್ ಡ್ರೈವರ್ ಆರ್ವಿಡ್ ನಿಸ್ಕನೆನ್ ಅದನ್ನು ಓದಿ, ಇದು ಐಲಿಯದೇ ಅಂಗಡಿ ಅಂತ ನಂಬಿ ಒಲೆ ತರಿಸಿದ. ಎರಡೂ ಕೈ ಸುಟ್ಟುಕೊಂಡು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದ.

"ನಿನ್ನೆ ನೋಡೋಕೆ ಹೋಗಿದ್ದೆ ಕಣೋ," ಐಲಿ ಅಂದಳು. "ಅವನ ಹೆಂಡ್ತಿ ಬಾಗಿಲಲ್ಲೇ ತಡೆದ್ಲು. ಇನ್ನೂ ಏನು ಸುಡೋಕೆ ಬಂದೆ ಅಂದ್ಲು. ಚರ್ಚಲ್ಲಿ ಮೂವತ್ತು ವರ್ಷ ಒಂದೇ ಬೆಂಚಲ್ಲಿ ಕೂತೋರು ನಾವು!" ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟಳು. "ಹದಿನೈದನೇ ತಾರೀಕು ಕೌಂಟಿಯವರು ಅಂಗಡಿಗೆ ಬೀಗ ಹಾಕ್ತಾರಂತೆ. ಬೀಗ ಹಾಕ್ಲಿ ಬಿಡು. ಆ ಮಾತು ಮಾತ್ರ ತಡ್ಕೊಳ್ಳೋಕೆ ಆಗ್ತಿಲ್ಲ."

ನನಗೆ ಸಿಟ್ಟು ಬಂತು.

ಅವಳ ಕಂಪ್ಯೂಟರಿನಲ್ಲಿ ಎರಡೂ ಸೈಟ್ ತೆರೆದೆ. ಐಲಿಯ ಸೈಟಿನ ಫೋಟೋ ದೊಡ್ಡದು ಮಾಡಿದೆ. ಮಸುಕಾಯಿತು. ಕಳ್ಳ ಸೈಟಿನಲ್ಲಿದ್ದ ಅದೇ ಫೋಟೋ ದೊಡ್ಡದು ಮಾಡಿದೆ. ಐಲಿಯ ಉಗುರಿನೊಳಗಿನ ಮಸಿಯೂ ಕಂಡಿತು!

ಇವಳ ಸೈಟಿನಿಂದ ಇಳಿಸಿಕೊಂಡಿದ್ದರೆ ಇವಳದಕ್ಕಿಂತ ಚೆನ್ನಾಗಿ ಕಾಣುವುದು ಹೇಗೆ? ಅವನ ಹತ್ತಿರ ಕ್ಯಾಮೆರಾದ ಅಸಲಿ ಫೈಲೇ ಇತ್ತು.

"ಅಕ್ಕ, ಈ ಫೋಟೋ ತೆಗೆದಿದ್ದು ಯಾರು?"

"ವೆಬ್‌ಸೈಟ್ ಮಾಡ್ಕೊಟ್ಟ ಹುಡುಗ. ಡೆರಿಕ್ ಸ್ಟೆನ್‌ಬರ್ಗ್. ನಾನು ಅಜ್ಜನ ಕತೆ ಹೇಳ್ತಾ ಹೋದೆ, ಅವನೇ ಟೈಪ್ ಮಾಡ್ಕೊಂಡ. ಪಾಪ, ಒಳ್ಳೇವನು."

ಪಾಪವಂತೆ!

ಸೇತುವೆ ದಾಟಿ ಅವನ ಆಫೀಸಿಗೆ ಹೋದೆ. ನಲವತ್ತರ 'ಹುಡುಗ'. ಬಿಳಿ ಹಲ್ಲು, ದುಬಾರಿ ಸ್ವೆಟರ್.

"ಆ ಸೈಟ್ ನಿಂದು," ಅಂದೆ.

"ಯಾರು ಹೇಳಿದ್ದು?"

"ನಾನು."

"ನೀನು ಯಾವ ದೊಡ್ಡ ಮನುಷ್ಯ? ಸೈಟಲ್ಲಿ ನನ್ನ ಹೆಸರಿದ್ಯಾ? ಅಡ್ರೆಸ್ ಇದ್ಯಾ? ಫೋಟೋನ ಯಾರು ಬೇಕಾದ್ರೂ ಕದೀಬಹುದು ರಸ್. ಇಂಟರ್‌ನೆಟ್ ಅಂದ್ರೆ ಹಂಗೇ. ಹೋಗಿ ಹುಬ್ಬಿಗೆ ಮುಲಾಮು ಹಚ್ಕೋ."

ಅದೇ ದನಿ. ಮಫ್ಲರ್ ಇರಲಿಲ್ಲ, ಅಷ್ಟೇ.

ವಾಪಸು ಬರುವಾಗ ಕಾರಿನ ಕನ್ನಡಿಯಲ್ಲಿ ಕಪ್ಪು ಟ್ರಕ್. ನಂಬರ್ ಪ್ಲೇಟ್ ಇಲ್ಲ! ಧಡ್! ಹಿಂದಿನಿಂದ ಗುದ್ದಿತು. ಪಕ್ಕದಲ್ಲೇ ಕಾಲುವೆ. ಧಡ್! ಇನ್ನೊಂದು ಗುದ್ದು ಬಿದ್ದರೆ ನಾನು ನೀರಿನಲ್ಲಿ. ಮುಂದೆ ಹಿಮ ತೆಗೆಯುವ ಕೌಂಟಿ ಲಾರಿ ಹೋಗುತ್ತಿತ್ತು. ಆಕ್ಸಿಲರೇಟರ್ ಒತ್ತಿ ಅದರ ಎಡಕ್ಕೆ ನುಗ್ಗಿ ಮುಂದೆ ಹೋದೆ. ಕಪ್ಪು ಟ್ರಕ್ ಆತುರದಲ್ಲಿ ಬಲಕ್ಕೆ ನುಗ್ಗಿತು. ಲಾರಿ ಹಿಮ ಎಸೆಯುತ್ತಿದ್ದುದೇ ಬಲಕ್ಕೆ! ಗಾಜಿನ ಮೇಲೆ ಅರ್ಧ ಟನ್ ಹಿಮ... ಗಿರಗಿರ ತಿರುಗಿ ಬೇಲಿಗೆ ಬಡಿಯಿತು. ನಾನು ಇಳಿದು ಓಡುವಷ್ಟರಲ್ಲಿ ರಿವರ್ಸ್ ತೆಗೆದು ಪರಾರಿ.

ಶೆರಿಫ್ ಕಚೇರಿಯ ಡಿಟೆಕ್ಟಿವ್ ಲೋರ್ನಾ ವೈರೋ ಎಲ್ಲ ಕೇಳಿಸಿಕೊಂಡು, ಅರ್ಧ ತಿಂದ ಪ್ಯಾಸ್ಟಿ ಕಡುಬು ಕೆಳಗಿಟ್ಟಳು.

"ನಂಬ್ತೀನಿ ರಸ್. ಆದ್ರೆ ಫೋಟೋ ಸೈಜು ತೋರಿಸಿದ್ರೆ ಜಡ್ಜ್ ನಗ್ತಾರೆ. ಆ ಸೈಟ್ ತನ್ನದು ಅಂತ ಅವನೇ ಸಹಿ ಹಾಕಿದ ಕಾಗದ ತಾ."

"ಯಾವ ಕಳ್ಳ ಹಾಕ್ತಾನೆ?"

"ಅದು ನಿನ್ನ ತಲೆನೋವು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಕುಂಬಳಕಾಯಿ ಕಳ್ಳ ಅಂತ ಕೂಗಿದೆ.

ಹೇಗೆ ಅಂತೀರಾ? ಐಲಿಯ ಕೈಯಲ್ಲಿ ಒಂದು ಕಾಪಿರೈಟ್ ನೋಟೀಸ್ ಬರೆಸಿದೆ. ಕಳ್ಳ ಸೈಟಿಗೆ ಜಾಗ ಕೊಟ್ಟಿದ್ದ ಹೋಸ್ಟಿಂಗ್ ಕಂಪನಿಗೆ ಕಳಿಸಿದೆ. 'ಈ ಫೋಟೋ, ಬರಹ ನನ್ನವು. ಸೈಟ್ ನಡೆಸುವ ಅನಾಮಧೇಯ ಕಳ್ಳನಿಗೆ ಕ್ಯಾಮೆರಾ ಹಿಡಿಯಲೂ ಬರುವುದಿಲ್ಲ.' ಕೊನೆಯ ಸಾಲು ಬೇಕಿರಲಿಲ್ಲ. ಕಂಪನಿ ಅದನ್ನು ಅವನಿಗೂ ಕಳಿಸುತ್ತದೆ, ಓದಿ ಉರಿಯಲಿ ಅಂತಲೇ ಸೇರಿಸಿದೆ.

ಮರುದಿನ ಕಂಪನಿಯವರಿಂದ ಸೈಟ್ ಬಂದ್!

ಜಿಂಕೆ ಬೇಟೆ ಶುರುವಾಗಲು ಇನ್ನು ವಾರವಿತ್ತು. ಇಡೀ ಕೌಂಟಿ ಕಾಡಿನ ಕ್ಯಾಂಪುಗಳಿಗೆ ಒಲೆ ಕೊಳ್ಳುವ ಕಾಲ. ಸೈಟ್ ಮತ್ತೆ ತೆರೆಯಲು ಅವನಿಗಿದ್ದದ್ದು ಒಂದೇ ದಾರಿ. ಹೆಸರು, ವಿಳಾಸ ಬರೆದು, ಸುಳ್ಳಾದರೆ ಶಿಕ್ಷೆಗೆ ಸಿದ್ಧ ಅಂತ ಒಪ್ಪಿ, ಸಹಿ ಹಾಕಿ ಉತ್ತರ ಕೊಡಬೇಕು. ಆ ಉತ್ತರದ ಪ್ರತಿ ನೇರ ನಮ್ಮ ಕೈಗೆ ಬರುತ್ತದೆ.

ಮೂರು ದಿನ ಕಾದೆ. ಬಂತು!

ಐಲಿ ಓದಿ ಕುಸಿದು ಕೂತಳು. "ಅಯ್ಯೋ, ಫೋಟೋ ಅವನದ್ದೇ ಅಂತೆ ಕಣೋ. ಕ್ಯಾಮೆರಾ ಹಿಡಿದವನದ್ದೇ ಹಕ್ಕಂತೆ. ನಮ್ಮ ಮಧ್ಯೆ ಬರವಣಿಗೆಯಲ್ಲಿ ಏನೂ ಆಗಿಲ್ವಲ್ಲ... ಸೋತ್ವಿ!"

"ಅಕ್ಕ, ಅವನಿಗೆ ಫೋನ್ ಮಾಡಿ. ಕ್ಷಮೆ ಕೇಳ್ತೀನಿ ಬಾ ಅನ್ನಿ."

"ನಾನಾ? ಅವನ ಹತ್ರಾನಾ?"

"ಒಂದೇ ಒಂದ್ಸಲ."

ಹಲ್ಲು ಕಚ್ಚಿಕೊಂಡು ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಮಹಾಶಯ ಹಾಜರ್! ಒಲೆಗಳ ನಡುವೆ ಕೈ ಬೀಸಿಕೊಂಡು ಬಂದ. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವನ ಮುಖ.

"ಕಾನೂನು ಗೊತ್ತಿಲ್ದೆ ನೋಟೀಸ್ ಕಳಿಸ್ಬಾರ್ದು ಮೇಡಂ," ಅಂದ. "ಕ್ಲಿಕ್ ಮಾಡಿದವನೇ ಫೋಟೋ ಒಡೆಯ. ಬರೆದವನೇ ಬರಹದ ಒಡೆಯ. ಆ ಒಡೆಯ ನಾನು."

"ಅಜ್ಜ ನನ್ನವನಲ್ವೇನೋ?" ಐಲಿ ಕೇಳಿದಳು.

"ಅಜ್ಜ ನಿಮ್ಮವನು. ಸೆಂಟೆನ್ಸು ನನ್ನದು!"

ಥೂ! ಇಂಥ ಮಾತು ಹೊರಡುವ ಬಾಯಿಗೆ ಅಷ್ಟು ಬಿಳಿ ಹಲ್ಲು ಯಾಕೆ ಕೊಟ್ಟನೋ ದೇವರು.

"ಡೆರಿಕ್, ನೀನು ಗೆದ್ದೆ," ಅಂದೆ. "ಒಂದೇ ಅನುಮಾನ. ಇಲ್ಲಿ ಬರೆದಿದ್ದೀಯಲ್ಲ... 'ಫೋಟೋ, ಬರಹ, ಈ ವೆಬ್‌ಸೈಟ್, ಇದರ ವ್ಯಾಪಾರ ಎಲ್ಲದರ ಏಕೈಕ ಮಾಲೀಕ ನಾನು' ಅಂತ. ಸಹಿ ನಿಂದೇ ತಾನೆ?"

"ಮತ್ತೆ ನಿಮ್ಮಪ್ಪಂದಾ?"

"ಆರ್ವಿಡ್‌ಗೆ ಒಲೆ ಮಾರಿದ ಸೈಟು?"

ಹಲ್ಲು ಮುಚ್ಚಿಕೊಂಡಿತು. ಬಣ್ಣ ಇಳಿಯಿತು. ಕಾಗದಕ್ಕೆ ಕೈ ಹಾಕಿದ. ನಾನು ಹಿಂದಕ್ಕೆಳೆದುಕೊಂಡೆ.

"ಅದು... ನಾನು ಹೇಳಿದ್ದು ಫೋಟೋ ವಿಷಯ ಮಾತ್ರ..."

ದೊಡ್ಡ ಒಲೆಯ ಹಿಂದಿನಿಂದ ಲೋರ್ನಾ ಎದ್ದು ಬಂದಳು. "ಮುಂದುವರಿಸಿ ಡೆರಿಕ್. ನಾನು ಬರ್ಕೊಳ್ತಿದ್ದೀನಿ."

ಓಡಿದ! ಬಾಗಿಲಿಗೆ ಐಲಿ ಅಡ್ಡ ನಿಂತಳು. ಕೈಯಲ್ಲಿ ಸುತ್ತಿಗೆ. ಎತ್ತಲೂ ಇಲ್ಲ, ಸುಮ್ಮನೆ ಹಿಡಿದಿದ್ದಳು. ಅವನು ಗಕ್ಕನೆ ನಿಂತ. ಲೋರ್ನಾ ಬೇಡಿ ತೊಡಿಸಿದಳು. ಅವನ ಗ್ಯಾರೇಜಿನಲ್ಲಿ ತಗಡಿನ ಒಲೆ ಹನ್ನೊಂದು, ಮುಂಭಾಗ ಜಜ್ಜಿದ ಕಪ್ಪು ಟ್ರಕ್ ಒಂದು ಪೊಲೀಸರಿಗೆ ಆಗಲೇ ಸಿಕ್ಕಿದ್ದವು. ಆ ವಿಳಾಸವನ್ನೂ ಅವನೇ ಬರೆದುಕೊಟ್ಟಿದ್ದನಲ್ಲ!

ಐಲಿಯ ಫೋನ್ ಬಡಿದುಕೊಂಡಿತು. ಆರ್ವಿಡ್‌ನ ಹೆಂಡತಿ. ಲೋರ್ನಾ ಮೊದಲೇ ವಿಷಯ ತಿಳಿಸಿದ್ದಳು. ಐಲಿ ಫೋನ್ ಕಿವಿಗೊತ್ತಿ ಕೇಳಿದಳು. ಆಮೇಲೆ ಏಪ್ರನ್ ಬಿಚ್ಚಿ, ಬೆಳಗ್ಗೆ ಬೇಯಿಸಿದ್ದ ಏಲಕ್ಕಿ ಬ್ರೆಡ್ ಬಟ್ಟೆಯಲ್ಲಿ ಸುತ್ತಿಕೊಂಡಳು.

"ಬಾ ಅಂದ್ಲು ಕಣೋ," ಅಂದಳು. ಕಣ್ಣು ಒದ್ದೆಯಾಗಿತ್ತು. "ಆಸ್ಪತ್ರೆಗೆ ಬಿಡ್ತೀಯಾ?"

ನಾವು ಹೊರಗೆ ಬಂದರೆ ಡೆರಿಕ್ ಪೊಲೀಸ್ ಕಾರಿನ ಕಿಟಕಿಯಿಂದ ಅರಚುತ್ತಿದ್ದ. "ನನ್ನ ಫೋಟೋ ನಿಮ್ಮ ಸೈಟಿಂದ ಇವತ್ತೇ ತೆಗೀಬೇಕು! ಇಲ್ಲಾಂದ್ರೆ ಕೇಸ್ ಹಾಕ್ತೀನಿ!"

ಬಗ್ಗಿ, ಮೆಲ್ಲಗೆ ಹೇಳಿದೆ.

"ತೆಗೀತೀವಪ್ಪ. ಇನ್ನು ಅರ್ಧ ಗಂಟೆಗೆ ಜೈಲಲ್ಲಿ ನಿಂದೂ ಒಂದು ಫೋಟೋ ತೆಗೀತಾರೆ... ಕ್ಲಿಕ್ ಮಾಡೋದು ಅವರು, ಆಮೇಲೆ ಹಕ್ಕು ನಂದು ಅಂತ ಜಗಳಕ್ಕೆ ನಿಲ್ಬೇಡ!"