ಕಚ್ಚದ ಕಾಯಿ

ಉಗುಳಲು ನಾಚಿಕೊಳ್ಳುವವರು ಪಿಎಚ್‌ಡಿಗೆ ಬರಬಾರದು ಎಂದು ಶಾಲ್ಮಲಾ ಆ ಬೆಳಿಗ್ಗೆ ದಿನಚರಿಯಲ್ಲಿ ಬರೆದಳು. ಯಾರಾದರೂ ಓದಿಬಿಟ್ಟಾರೆಂದು ಆ ಸಾಲನ್ನು ತಾನೇ ಹೊಡೆದುಹಾಕಿ, ಸಂಶೋಧನಾ ಕೇಂದ್ರದ ಅಡುಗೆಮನೆಗೆ ಓಡಿದಳು.

2058ನೇ ಇಸವಿ. ಧಾರವಾಡದ ಹೊರವಲಯದ ಆ ಅಡುಗೆಮನೆಯಲ್ಲಿ ಅವಳ ಯಂತ್ರ ಕೆಲಸ ಮಾಡುತ್ತಿತ್ತು. ಹೀರೇಕಾಯಿ ಸಿಪ್ಪೆಯ ಚೂರೊಂದನ್ನು ಇಟ್ಟರೆ ಸಾಕು. ಅದರ ಜೀನೋಮನ್ನು, ಅಂದರೆ ಗಿಡದ ಇಡೀ ವಂಶಲಿಪಿಯನ್ನು ಓದಿ, ಸಿಹಿಯೋ ಕಹಿಯೋ ಅರೆನಿಮಿಷದಲ್ಲಿ ಹೇಳುತ್ತಿತ್ತು. ಕಹಿ ಹೀರೇಕಾಯಿ ಬರೀ ಬಾಯಿ ಕೆಡಿಸುವುದಿಲ್ಲ, ತಿಂದವರನ್ನು ವಾಂತಿಭೇದಿಯಲ್ಲಿ ಮಲಗಿಸುತ್ತದೆ. ಈ ಯಂತ್ರ ಮನೆಮನೆಗೆ ಬಂದ ಮೇಲೆ, ಹೆಚ್ಚುವ ಮೊದಲು ಚೂರು ಕಚ್ಚಿ ನೋಡುವ ರೂಢಿಯೇ ತಪ್ಪಿಹೋಗಿತ್ತು. ಇಂದು ಶಾಲೆಗಳ ಬಿಸಿಯೂಟಕ್ಕೂ ಅದನ್ನು ಒಪ್ಪಿಕೊಂಡು ಸಹಿ ಹಾಕಲು ಹೊಸಮನಿ ಎಂಬ ಅಧಿಕಾರಿಣಿ ಬಂದಿದ್ದರು.

ಅವರೆದುರು ಇಟ್ಟ ಮೊದಲ ಕಾಯಿಗೆ ‘ಸಿಹಿ’ ಎಂದಿತು ಯಂತ್ರ. ಅಡುಗೆಯ ಕಾಶವ್ವ ಆದರೂ ಒಂದು ಚೂರು ಕಚ್ಚಿ, ಥೂ ಎಂದು ಬಚ್ಚಲಿಗೆ ಉಗುಳಿದಳು.

“ಕಹಿ ಐತ್ರಿ.”

“ಮಷೀನು ಸಿಹಿ ಅಂತೈತಿ,” ಶಾಲ್ಮಲಾಳ ಮಾರ್ಗದರ್ಶಕರಾದ ಡಾಕ್ಟರ್ ಇನಾಮದಾರರು ನಕ್ಕರು. “ಮುಂಜಾನೆ ಎಲಿ ಅಡಿಕಿ ಜಾಸ್ತಿ ಆತೇನು, ಕಾಶವ್ವ?”

ಹೊಸಮನಿಯವರೂ ನಕ್ಕರು. ಕಾಶವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಹಂಗ ಇರಬೇಕ್ರಿ ಸಾಹೇಬ್ರ. ಅರವತ್ತು ದಾಟೇತಿ, ನಾಲಗಿ ಸತ್ತಿರಬೇಕು.”

ಯಂತ್ರದ ತೆರೆಯ ಮೂಲೆಯಲ್ಲಿ ‘ಬೆಳವಲದ ತಳಿ’ ಎಂದಿತ್ತು. ಶಾಲ್ಮಲಾ ಅದನ್ನು ಮತ್ತೊಮ್ಮೆ ಓದಿದಳು.

ಯಂತ್ರಕ್ಕೆ ಕಲಿಸಿದವಳು ಅವಳೇ. ಊರೂರು ಅಲೆದು, ಆರುನೂರು ನಾಟಿ ಕಾಯಿಗಳನ್ನು ಹಸಿಯಾಗಿ ಕಚ್ಚಿ, ಒಂದೊಂದರ ವಂಶಲಿಪಿಯ ಎದುರು ಅದರ ರುಚಿ ಬರೆದಿದ್ದಳು. ಆ ಬರಹದಿಂದಲೇ ಯಂತ್ರ ಕಹಿಯ ಗುರುತು ಕಲಿತದ್ದು. ಆದರೆ ಈ ತಳಿ ಬೆಳೆಯುವ ಬೆಳವಲ ಸೀಮೆಯಲ್ಲಿ ಅವಳು ಹೋದ ಮನೆಯ ಅಂಗಳದಲ್ಲಿ ನೆಂಟರಿಷ್ಟರು ತುಂಬಿದ್ದರು. ಪ್ರೀತಿಯಿಂದ ಬುಟ್ಟಿ ತಂದಿಟ್ಟವರ ಕಣ್ಣೆದುರೇ ನಲವತ್ತು ಸಲ ಕಚ್ಚಿ ಉಗುಳುವುದು ಹೇಗೆ? ಅವರು ಕೊಟ್ಟ ಚಹಾ ಕುಡಿದು, ಸಿಪ್ಪೆಯ ಚೂರುಗಳನ್ನಷ್ಟೇ ಕಟ್ಟಿಕೊಂಡು, ಎಲ್ಲಕ್ಕೂ ಸಿಹಿ ಎಂದು ಬರೆದು ಎದ್ದುಬಂದಿದ್ದಳು.

ಅಂದಿನಿಂದ ಯಂತ್ರದ ಪಾಲಿಗೆ ಆ ತಳಿಯ ಕಹಿಯೂ ಸಿಹಿಯೇ. ಬರೆದವರು ತಿಂದು ನೋಡಿದ್ದರೇ ಎಂದು ಕೇಳಲು ಅದಕ್ಕೆ ಬಾರದು. ಬಾಯಿ ಇದ್ದ ಮನುಷ್ಯರೂ ಕೇಳಿರಲಿಲ್ಲ.

ಹೊಸಮನಿಯವರು ಪೆನ್ನು ತೆಗೆದರು. ಕಾಶವ್ವ ತಲೆ ತಗ್ಗಿಸಿ ಈಳಿಗೆಮಣೆಯ ಮುಂದೆ ಕೂತು, ಅದೇ ಕಾಯಿಯನ್ನು ಕೈಗೆತ್ತಿಕೊಂಡಳು.

“ಹೆಚ್ಚಬ್ಯಾಡ್ರಿ,” ಎಂದಳು ಶಾಲ್ಮಲಾ. ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

“ಏನಂದಿ ತಂಗಿ?” ಕಾಶವ್ವ ತಲೆ ಎತ್ತಿದಳು.

ಎಲ್ಲರೂ ಅವಳತ್ತ ತಿರುಗಿದರು.

“ನಿಮ್ಮ ನಾಲಗಿ ಸರಿ ಐತ್ರಿ, ಕಾಶವ್ವ. ಸರ್, ಈ ತಳಿದು ಒಂದು ಕಾಯೀನೂ ನಾ ಬಾಯಿಗಿಟ್ಟಿಲ್ರಿ. ಸುಮ್ನ ಬರದೀನಿ.”